ಗಿಡಮೂಲಿಕೆ ಪುಡಿ ಮೊಗೆಯಲು ಚಿಪ್ಪಿನ ಚಮಚ ಮಾಡಿಕೊಳ್ಳುವುದು ಹೇಗೆ

ಮನೆಯಲ್ಲಿ ಪುಡಿ ಕುಟ್ಟುವವರಿಗೆ ಗೊತ್ತಿರುತ್ತದೆ, ಒಣಗಿಸಿ ಕುಟ್ಟಿ ಜರಡಿ ಹಿಡಿಯುವುದು ಒಂದು ಕೆಲಸವಾದರೆ ಅದನ್ನು ಚೆಲ್ಲದ ಹಾಗೆ ಬಾಟಲಿಗೆ ತುಂಬುವುದು ಇನ್ನೊಂದು ಕೆಲಸ. ನಾನು ತಿಪಟೂರು ಕಡೆಯವಳು. ಕಷಾಯದ ಪುಡಿ, ಸೀಗೆಪುಡಿ, ಒಣಶುಂಠಿ ಪುಡಿ, ಒಂದೆಲಗದ ಪುಡಿ ನಮ್ಮ ಮನೆಯಲ್ಲಿ ವರ್ಷವಿಡೀ ಇರುತ್ತವೆ. ನೆಂಟರಿಷ್ಟರಿಗೆ ಸಣ್ಣ ಬಾಟಲಿಗಳಲ್ಲಿ ತುಂಬಿ ಕೊಡುವ ರೂಢಿಯೂ ಇದೆ. ಅದಕ್ಕೆಲ್ಲ ನಾನು ಬಳಸುವುದು ಕೊಬ್ಬರಿ ಚಿಪ್ಪಿನಲ್ಲಿ ಮಾಡಿಕೊಂಡ ಒಂದು ಪುಟ್ಟ ಚಮಚ. ಅಂಗಡಿಯಲ್ಲಿ ಎಷ್ಟು ಚೆಂದದ್ದು ಸಿಕ್ಕರೂ ನಿಮ್ಮ ಬಾಟಲಿಯ ಬಾಯಿಗೆ ನೀವೇ ಅಳತೆ ನೋಡಿ ಮಾಡಿಕೊಂಡದ್ದಕ್ಕೆ ಸಮ ಬರುವುದಿಲ್ಲ.

ಸ್ಟೀಲ್ ಚಮಚ ಇದೆಯಲ್ಲ ಅನ್ನಬಹುದು. ಅದು ಬಾಯಿಗಿಡಲು ಮಾಡಿದ್ದು. ಗುಂಡಗೆ, ಆಳವಾಗಿ ಇರುತ್ತದೆ. ವಾಲಿಸಿದರೆ ಪುಡಿ ತುದಿಯಿಂದ ಬೀಳುವುದಕ್ಕಿಂತ ಪಕ್ಕದಿಂದ ಜಾರುವುದೇ ಜಾಸ್ತಿ. ಪ್ಲಾಸ್ಟಿಕ್ಕಿಗೆ ನಯವಾದ ಪುಡಿ ಅಂಟಿಕೊಂಡು ಕೂರುತ್ತದೆ, ಒಣಹವೆಯಲ್ಲಂತೂ ಕೇಳಲೇಬೇಡಿ. ಕಬ್ಬಿಣ ಬೇಡವೇ ಬೇಡ. ನೆಲ್ಲಿ, ಅಳಲೆ, ತಾರೆಕಾಯಿಯ ಒಗರು ಸ್ವಲ್ಪ ಪಸೆಯ ಜೊತೆ ಕಬ್ಬಿಣಕ್ಕೆ ತಾಗಿದರೆ ಸಾಕು, ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ಚಿಪ್ಪಿಗೆ ಈ ಯಾವ ತೊಂದರೆಯೂ ಇಲ್ಲ.

ಮೊದಲು ಚಿಪ್ಪು ಆರಿಸಿಕೊಳ್ಳಿ. ಉಂಡೆ ಕೊಬ್ಬರಿಯ ಚಿಪ್ಪು ಸಿಕ್ಕರೆ ಅದೇ ಮೇಲು. ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದವರೆಗೆ ಬಿಡುತ್ತಾರೆ. ಒಳಗೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುತ್ತದೆ. ಅಷ್ಟು ದಿನ ನಿಧಾನವಾಗಿ ಒಣಗಿದ ಚಿಪ್ಪು ಗಟ್ಟಿ, ಒಳಮೈಯಲ್ಲಿ ಕಾಯಿ ಕಚ್ಚಿಕೊಂಡಿರುವುದಿಲ್ಲ. ಕೊಬ್ಬರಿ ಸುಲಿಯುವಾಗ ಚಿಪ್ಪು ಚೂರು ಚೂರಾಗಿಯೇ ಬರುತ್ತದೆ, ಆದರೆ ನಮಗೆ ಬೇಕಾದದ್ದೂ ಒಂದು ಅಂಗೈಯಗಲದ ಚೂರು ಅಷ್ಟೇ. ಹೆಚ್ಚಿನದೆಲ್ಲ ಒಲೆಗೋ ಇದ್ದಿಲಿಗೋ ಹೋಗುವ ಮಾಲು, ಕೇಳಿದರೆ ಸುಮ್ನೆ ಕೊಡುತ್ತಾರೆ. ಇದು ಸಿಗದ ಊರಿನಲ್ಲಿದ್ದರೆ ಅಡುಗೆಗೆ ಒಡೆದ ಬಲಿತ ಕಾಯಿಯ ಹೋಳೇ ಆಗುತ್ತದೆ. ಕಾಯಿ ಪೂರ್ತಿ ತುರಿದು, ಹೋಳನ್ನು ನೆರಳಿನಲ್ಲಿ ಒಂದು ವಾರ ಒಣಗಿಸಿ. ಬಿಸಿಲಿಗಿಟ್ಟರೆ ಸೀಳು ಬಿಡಬಹುದು. ಕಣ್ಣಿರುವ ಭಾಗ ಬೇಡ, ಅಲ್ಲಿ ಒಂದು ಕಣ್ಣು ಮೆತ್ತಗಿದ್ದು ತೂತಾಗುತ್ತದೆ. ಚೂರನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು ಕಂಡರೂ ಬಿಟ್ಟುಬಿಡಿ.

ಇನ್ನು ಅಳತೆ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲೇ. ನೀವು ಹೆಚ್ಚು ತುಂಬುವ ಬಾಟಲಿಯ ಬಾಯಿ ಒಳಗಡೆಯಿಂದ ಎಷ್ಟಿದೆ ನೋಡಿ. ಚಮಚದ ತುಟಿ, ಅಂದರೆ ಪುಡಿ ಬೀಳುವ ಮುಂದಿನ ಅಂಚು, ಅದರ ಮೂರರಲ್ಲಿ ಎರಡು ಪಾಲು ಅಗಲ ಇರಲಿ. ಬಾಯಿ ನಾಲ್ಕೂವರೆ ಸೆಂಟಿಮೀಟರ್ ಇದ್ದರೆ ತುಟಿ ಮೂರು. ಪೂರ್ತಿ ಬಾಯಗಲ ಮಾಡಿದರೆ ಪುಡಿ ಒಂದೇ ಸಲ ಬಿದ್ದು ಕುತ್ತಿಗೆಯಲ್ಲಿ ಗಟ್ಟಿಯಾಗಿ ನಿಂತುಬಿಡುತ್ತದೆ, ಗಾಳಿ ಹೊರಗೆ ಬರಲು ಜಾಗವಿರುವುದಿಲ್ಲ. ಒಟ್ಟು ಉದ್ದ ಒಂಬತ್ತು ಹತ್ತು ಸೆಂಟಿಮೀಟರ್ ಸಾಕು. ಮುಂದೆ ಅಗಲ, ಹಿಂದೆ ಹೋಗುತ್ತಾ ಒಂದೂವರೆ ಸೆಂಟಿಮೀಟರಿಗೆ ಸಣ್ಣಗಾಗುವ ಆಕಾರವನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ಚಿಪ್ಪಿನ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಹಿಡಿಯೂ ಅದೇ ಚೂರಿನಲ್ಲೇ ಬರಬೇಕು. ಸಾರಿನ ಸೌಟಿಗೆ ಮಾಡುವ ಹಾಗೆ ತೂತು ಕೊರೆದು ಬಿದಿರು ಕಡ್ಡಿ ಸಿಕ್ಕಿಸಬೇಡಿ. ಆ ತೂತಿನ ಸಂದಿಯಲ್ಲಿ ಹಳೆಯ ಪುಡಿ ಕೂತು, ಪಸೆ ಹಿಡಿದು, ಹೊಸ ಪುಡಿಗೂ ವಾಸನೆ ತರುತ್ತದೆ. ಚಿಪ್ಪಿನ ಬಾಗು ಹೇಗೂ ಹಿಡಿಯನ್ನು ಮೇಲಕ್ಕೆತ್ತಿ ಕೊಡುತ್ತದೆ, ಬೆರಳು ಪುಡಿಗೆ ತಾಗುವುದಿಲ್ಲ.

ಕೊಯ್ಯುವ ಹಿಂದಿನ ರಾತ್ರಿ ಚೂರನ್ನು ನೀರಿನಲ್ಲಿ ನೆನೆಹಾಕಿ. ಧೂಳು ಕಮ್ಮಿಯಾಗುತ್ತದೆ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ ಗೆರೆಯ ಹೊರಗೆ ಎರಡು ಮಿಲಿಮೀಟರ್ ಬಿಟ್ಟು, ಒತ್ತದೆ ಕೊಯ್ಯಿರಿ. ಆಮೇಲೆ ಅರದಿಂದ ಗೆರೆಯವರೆಗೆ ಉಜ್ಜಿ. ಅರ್ಧ ದುಂಡಗಿನ ಅರ ಇದ್ದರೆ ಒಳಮೈಗೂ ಅದೇ ಸಾಕು. ಚಿಪ್ಪಿನ ಧೂಳು ತುಂಬ ನಯ, ಮೂಗಿಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಂಡು ಹೊರಗೆ ಕೂತು ಮಾಡಿ.

ತುಟಿಯ ಹತ್ತಿರ ತಾಳ್ಮೆ ಬೇಕು. ಚಿಪ್ಪು ಮೂರು ನಾಲ್ಕು ಮಿಲಿಮೀಟರ್ ದಪ್ಪ ಇರುತ್ತದೆ. ಅಷ್ಟು ದಪ್ಪದ ತುಟಿ ಪುಡಿಯನ್ನು ಮೊಗೆಯುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ಹೊರಮೈ ಕಡೆಯಿಂದ ಮಾತ್ರ ಇಳಿಜಾರಾಗಿ ಉಜ್ಜುತ್ತಾ ತುದಿಯನ್ನು ಒಂದು ಮಿಲಿಮೀಟರಿಗೆ ತನ್ನಿ. ಒಳಗಡೆಯಿಂದ ಉಜ್ಜಿದರೆ ತುದಿಯಲ್ಲಿ ಮೆಟ್ಟಿಲು ಬಿದ್ದು ಪುಡಿ ಅಲ್ಲೇ ತಡೆಯುತ್ತದೆ. ಒಂದು ಮಿಲಿಮೀಟರಿಗಿಂತ ತೆಳ್ಳಗೆ ಮಾಡಬೇಡಿ, ಡಬ್ಬಿಯ ಅಂಚಿಗೆ ತಗುಲಿದ ಕೂಡಲೇ ಚಕ್ಕೆ ಏಳುತ್ತದೆ. ಆ ಚಕ್ಕೆ ಬೀಳುವುದು ನೀವು ಕುಡಿಯುವ ಪುಡಿಯೊಳಗೆ! ತುಟಿ ನೆಟ್ಟಗಿರಬೇಕಾ, ಬಾಗಿರಬೇಕಾ? ದುಂಡನೆಯ ಡಬ್ಬಿಯಿಂದ ತೆಗೆಯುವುದಾದರೆ ಸ್ವಲ್ಪ ಬಾಗು, ತಟ್ಟೆಯಿಂದ ಬಳಿದು ತೆಗೆಯುವುದಾದರೆ ನೆಟ್ಟಗೆ.

ಉಜ್ಜಿದ್ದನ್ನು ನೆರಳಿನಲ್ಲಿ ಎರಡು ದಿನ ಒಣಗಲು ಬಿಡಿ. ಆಮೇಲೆ 120, 220, 400 ನಂಬರಿನ ಸ್ಯಾಂಡ್ ಪೇಪರ್ ಒಂದಾದ ಮೇಲೊಂದು. ಒಳಮೈಗೆ 600 ಕೂಡ ಹಿಡಿಯಿರಿ. ಹಿಂದಿನ ಪೇಪರಿನ ಗೀರು ಪೂರ್ತಿ ಮಾಯವಾದ ಮೇಲೆಯೇ ಮುಂದಿನದಕ್ಕೆ ಹೋಗಿ. ಕೊನೆಗೆ ಹಳೆಯ ಹತ್ತಿ ಸೀರೆಯ ತುಂಡಿನಿಂದ ಚೆನ್ನಾಗಿ ತಿಕ್ಕಿದರೆ ಕಂದು ಮೈಯಲ್ಲಿ ತಿಳಿ ಬಣ್ಣದ ಚುಕ್ಕಿ, ಗೆರೆ ಎದ್ದು ಬಂದು ಹೊಳೆಯುತ್ತದೆ. ಎಲ್ಲರೂ ಹೇಳುವ ಹಾಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಸೌಟಿಗಾದರೆ ಸರಿ. ಪುಡಿಯ ಚಮಚಕ್ಕೆ ಎಣ್ಣೆ ಹಚ್ಚಿದರೆ ಪುಡಿಯೆಲ್ಲ ಅಂಟುತ್ತದೆ. ವಾರ್ನಿಷ್ ಅಂತೂ ಬೇಡ.

ಬಳಸುವ ರೀತಿ ಪುಡಿಗೆ ತಕ್ಕಂತೆ ಬದಲಾಗುತ್ತದೆ. ಕಷಾಯದ ಪುಡಿ ಸ್ವಲ್ಪ ತರಿತರಿ ಇರುವುದರಿಂದ ಸುಲಭ, ವಾಲಿಸಿದರೆ ಬೀಳುತ್ತದೆ. ಬಟ್ಟೆಯಲ್ಲಿ ಜಾಲಿಸಿದ ನಯ ಪುಡಿ ಹಾಗಲ್ಲ, ತಡೆದು ತಡೆದು ಕೊನೆಗೆ ಒಟ್ಟಿಗೆ ಬೀಳುತ್ತದೆ. ತುಟಿಯನ್ನು ಬಾಟಲಿಯ ಬಾಯಿಗೆ ಆನಿಸಿ, ವಾಲಿಸುವುದನ್ನು ಕಮ್ಮಿ ಮಾಡಿ, ಹಿಡಿಯ ಮೇಲೆ ತೋರುಬೆರಳಿನಿಂದ ಮೆಲ್ಲಗೆ ತಟ್ಟಿ. ಚಮಚ ಅಲುಗಾಡಬಾರದು, ಬೆರಳು ಮಾತ್ರ ಆಡಬೇಕು. ಸೀಗೆಪುಡಿ ತುಂಬುವಾಗ ಫ್ಯಾನ್ ಆರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಮನೆಮಂದಿಗೆಲ್ಲ ಸೀನು. ಒಂದೆಲಗದಂಥ ಎಲೆಪುಡಿ ತುಂಬ ಹಗುರ. ಅರ್ಧ ಬಾಟಲಿ ತುಂಬಿದ ಮೇಲೆ ಮಡಿಸಿದ ಬಟ್ಟೆಯ ಮೇಲೆ ಬಾಟಲಿಯ ತಳವನ್ನು ನಾಲ್ಕು ಸಲ ಕುಟ್ಟಿ, ಪುಡಿ ಕೂರುತ್ತದೆ. ಆಮೇಲೆ ಉಳಿದದ್ದು ಹಾಕಿ. ನೆಲ್ಲಿಪುಡಿ ಗಾಳಿಯ ಪಸೆ ಎಳೆದುಕೊಂಡು ಗಂಟು ಕಟ್ಟುತ್ತದೆ, ಮಳೆಗಾಲದಲ್ಲಿ ಅದನ್ನು ತುಂಬುವ ಕೆಲಸ ಇಟ್ಟುಕೊಳ್ಳಬೇಡಿ. ಏನೇ ತುಂಬಿದರೂ ಬಾಟಲಿಯ ಕೆಳಗೆ ನಡುವೆ ಮಡಿಕೆ ಬಿದ್ದ ಹಾಳೆ ಇರಲಿ. ಬಿದ್ದದ್ದು ಮಡಿಕೆಯಲ್ಲೇ ಜಾರಿ ಡಬ್ಬಿಗೆ ವಾಪಸ್ ಹೋಗುತ್ತದೆ.

ಚಮಚ ಎಷ್ಟು ಹಿಡಿಯುತ್ತದೆ ಅನ್ನುವುದನ್ನೂ ತಿಳಿದುಕೊಳ್ಳಿ. ಹತ್ತು ಚಮಚ ಪುಡಿಯನ್ನು ಮಟ್ಟಸವಾಗಿ ತೆಗೆದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು, ಬಂದ ತೂಕವನ್ನು ಹತ್ತರಿಂದ ಭಾಗಿಸಿ. ಒಂದೇ ಚಮಚ ತೂಗಿದರೆ ಸಣ್ಣ ತಕ್ಕಡಿ ಸರಿಯಾಗಿ ತೋರಿಸುವುದಿಲ್ಲ. ಪ್ರತಿ ಪುಡಿಗೂ ಬೇರೆ ಬೇರೆ ತೂಗಬೇಕು, ಶುಂಠಿಯ ತೂಕ ಎಲೆಪುಡಿಗೆ ಬರುವುದಿಲ್ಲ. ಬಂದ ಲೆಕ್ಕವನ್ನು ಬಾಟಲಿಯ ಮೇಲೆ ಚೀಟಿ ಅಂಟಿಸಿ ಬರೆದಿಡಿ. ಅಜ್ಜಿಯರು ಬರೆಸಿಟ್ಟ ಕಷಾಯದ ಪಟ್ಟಿಯಲ್ಲಿ ಅಳತೆ ತೊಲದಲ್ಲಿರುತ್ತದೆ. ಒಂದು ತೊಲ ಅಂದರೆ 11.66 ಗ್ರಾಂ. ನಿಮ್ಮ ಚಮಚ ಎರಡು ಗ್ರಾಂ ಹಿಡಿದರೆ ಆರು ಚಮಚ ಹತ್ತಿರ ಹತ್ತಿರ ಒಂದು ತೊಲ.

ಚಮಚವನ್ನು ಡಬ್ಬಿಯೊಳಗೆ ಬಿಡಬೇಡಿ, ಒಲೆಯ ಪಕ್ಕದಲ್ಲೂ ಇಡಬೇಡಿ. ಹಬೆ ತಾಗಿದ ಚಮಚ ಒಂದೇ ಒಂದು ಸಲ ಒಳಗೆ ಹೋದರೂ ಪುಡಿ ಕೆಡಲು ಸಾಕು. ಕೆಲಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಆಯಿತು. ತೊಳೆಯಲೇಬೇಕಾದರೆ ತೊಳೆದು, ನೆರಳಿನಲ್ಲಿ ಒಂದು ದಿನ ಪೂರ್ತಿ ಒಣಗಿಸಿ. ಅರಿಶಿನಕ್ಕೆ ಮತ್ತು ಸೀಗೆಗೆ ಬೇರೆ ಬೇರೆ ಚಮಚ ಇಟ್ಟುಕೊಳ್ಳಿ. ಅರಿಶಿನದ ಬಣ್ಣ ಹೋಗುವುದಿಲ್ಲ. ಸೀಗೆಯದು ತಲೆಗೆ ಹಾಕುವ ಪುಡಿ, ಅದರ ಚಮಚ ಹೊಟ್ಟೆಗೆ ಹೋಗುವುದರ ಹತ್ತಿರ ಬರಬಾರದು ಅಲ್ವಾ?

ತುಟಿಯಲ್ಲಿ ಚಕ್ಕೆ ಎದ್ದರೆ ಚಮಚವನ್ನೇ ಎಸೆಯಬೇಕಿಲ್ಲ. ಅರದಿಂದ ಎರಡು ಮಿಲಿಮೀಟರ್ ಹಿಂದಕ್ಕೆ ಉಜ್ಜಿ, ಹೊರಗಿನಿಂದ ಮತ್ತೆ ಇಳಿಜಾರು ಕೊಟ್ಟು, ಪೇಪರ್ ಹಿಡಿದರೆ ಹೊಸದರ ಹಾಗೆ ಕೆಲಸ ಮಾಡುತ್ತದೆ. ಈಗ ಮೊದಲಿಗಿಂತ ಕಮ್ಮಿ ಪುಡಿ ಹಿಡಿಯುವುದರಿಂದ ಮತ್ತೆ ಹತ್ತು ಚಮಚ ತೂಗಿ ಬಾಟಲಿಯ ಚೀಟಿ ಬದಲಾಯಿಸಿ.