ಕ್ಯಾರವಾನ್‌ನ ಹಳೇ ಸ್ಟೀರಿಯೋ ಬದಲಿಸುವುದು: ಮೊದಲು ವಯರ್ ನೋಡಿ, ಆಮೇಲೆ ಸೆಟ್

ಬದಿಯಡ್ಕದ ನಮ್ಮ ಮನೆಯಂಗಳದಲ್ಲಿ ಒಂದು ಹಳೇ ಕ್ಯಾರವಾನ್ ಇದೆ. ಟೆಂಪೋ ಟ್ರಾವೆಲರ್ ಒಳಗೆ ಮಂಚ, ಕಪಾಟು, ಅಡುಗೆ ಕಟ್ಟೆ ಎಲ್ಲ ಮಾಡಿಸಿದ್ದು. ಕಪಾಟಿನಲ್ಲೇ ಕೂರಿಸಿದ ಸಿಡಿ ಸೆಟ್‌ಗೆ ಬ್ಲೂಟೂತ್ ಇರಲಿಲ್ಲ, ಪೆನ್‌ಡ್ರೈವ್ ಹಾಕುವ ಜಾಗವೂ ಇರಲಿಲ್ಲ. ಬೇಕಲದ ಕಡೆ ಹೋಗಿ ರಾತ್ರಿ ಉಳಿದರೆ ಯಕ್ಷಗಾನದ ತಾಳಮದ್ದಳೆ ಕೇಳಲು ಫೋನಿನ ಸ್ಪೀಕರೇ ಗತಿ. ಹೊಸ ಸೆಟ್ ಕೂರಿಸುವುದು ಅರ್ಧ ಗಂಟೆಯ ಕೆಲಸ, ಆದರೆ ಅದರ ಹಿಂದಿನ ವಯರ್‌ಗಳನ್ನು ಅರ್ಥ ಮಾಡಿಕೊಳ್ಳಲು ಒಂದು ಇಡೀ ದಿನ ಇಟ್ಟುಕೊಳ್ಳಿ.

ಸೆಟ್ ಕೊಳ್ಳುವ ಮೊದಲು ಬ್ಯಾಟರಿ ನೋಡಿ. ಟ್ರಾವೆಲರ್‌ನಂಥ ಗಾಡಿಯಲ್ಲಿ 12 ವೋಲ್ಟ್, ದೊಡ್ಡ ಬಸ್ಸನ್ನು ಮನೆ ಮಾಡಿದ್ದಾದರೆ ಸಾಮಾನ್ಯವಾಗಿ 24. ಕಾರಿನ ಸೆಟ್‌ಗೆ 12 ಮಾತ್ರ ಬೇಕು. 24 ಅಂದರೆ 12ರ ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದು, ಅವುಗಳ ನಡುವಿನಿಂದ ಲೈನ್ ಎಳೆದರೆ ಆಗುತ್ತದಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಡ. ಒಂದೇ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ, ಇನ್ನೊಂದು ಜಾಸ್ತಿ ಚಾರ್ಜ್ ಆಗಿ ಹಾಳಾಗುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಇನ್ನು ಅಳತೆ: ಸಿಂಗಲ್ ಡಿನ್ (ಕಾರ್ ಸೆಟ್‌ಗಳ ಒಂದು ಮಾಮೂಲಿ ಅಳತೆ) ಸೆಟ್‌ನ ಮುಖ ಸುಮಾರು 180 ಮಿ.ಮೀ. ಅಗಲ, 50 ಎತ್ತರ. ಡಬಲ್ ಡಿನ್ ಆದರೆ ಎತ್ತರ 100. ಹಳೇ ತೂತು ದೊಡ್ಡದಿದ್ದರೆ ಮರೈನ್ ಪ್ಲೈವುಡ್ ಹಲಗೆ ಕತ್ತರಿಸಿ ಮುಚ್ಚಿ. ನಮ್ಮ ಮಳೆಗೆ ಸಾದಾ ಪ್ಲೈವುಡ್ ಉಬ್ಬುತ್ತದೆ.

ಬಿಚ್ಚುವ ಮೊದಲು ಹೊರಗಿನಿಂದ ಗಾಡಿಗೆ ಕೊಟ್ಟ ಕರೆಂಟಿನ ಪ್ಲಗ್ ಎಳೆಯಿರಿ, ಇಲ್ಲದಿದ್ದರೆ ಬ್ಯಾಟರಿ ತೆಗೆದರೂ ಚಾರ್ಜರ್ ಕಡೆಯಿಂದ ಲೈನ್‌ನಲ್ಲಿ ಪವರ್ ಇರುತ್ತದೆ. ಸೋಲಾರ್ ಇದ್ದರೆ ಮೊದಲು ಪ್ಯಾನೆಲ್ ಕನೆಕ್ಷನ್, ಆಮೇಲೆ ಬ್ಯಾಟರಿಯ ನೆಗೆಟಿವ್. ಹಳೇ ಸೆಟ್ ಹೊರಗೆಳೆದು ಪ್ರತಿ ವಯರಿನ ಫೋಟೋ ತೆಗೆದು ಚೀಟಿ ಅಂಟಿಸಿ.

ಈಗ ಮುಖ್ಯ ಮಾತು. ಹಳೇ ಗಾಡಿಗಳಲ್ಲಿ ಎಲ್ಲ ಸ್ಪೀಕರ್‌ಗಳ ನೆಗೆಟಿವ್ ಅನ್ನು ಒಟ್ಟಿಗೆ ಸೇರಿಸಿ ಗಾಡಿಯ ಬಾಡಿಗೆ, ಅಂದರೆ ಅದರ ಲೋಹದ ಮೈಗೆ, ಅರ್ತ್ ಮಾಡಿರುವುದುಂಟು. ಹೊಸ ಸೆಟ್‌ಗಳಲ್ಲಿ ಸ್ಪೀಕರ್ ನೆಗೆಟಿವ್ ಅರ್ತ್ ಅಲ್ಲ, ಅದರಲ್ಲೂ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ಇರುತ್ತದೆ. ಅದು ಬಾಡಿಗೆ ತಾಗಿದರೆ ಸೆಟ್‌ನ ಆಂಪ್ಲಿಫೈಯರ್ ಚಿಪ್ ಸುಟ್ಟು ಹೋಗಬಹುದು. ನಮ್ಮ ಮೊದಲ ಹೊಸ ಸೆಟ್ ಹೋದದ್ದು ಹೀಗೆಯೇ, ಹಾಕಿಕೊಟ್ಟವರು ಇದನ್ನು ನೋಡಿರಲಿಲ್ಲ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಅದರ ಒಂದು ಕಡ್ಡಿಯನ್ನು ಪ್ರತಿ ಸ್ಪೀಕರ್ ವಯರಿಗೂ, ಇನ್ನೊಂದನ್ನು ಗಾಡಿಯ ಬಾಡಿಗೆ, ಆಮೇಲೆ ಬೇರೆ ಸ್ಪೀಕರಿನ ವಯರ್‌ಗೆ ತಾಗಿಸಿ. ಎಲ್ಲಾದರೂ ಬೀಪ್ ಬಂದರೆ ಆ ಸ್ಪೀಕರ್‌ಗಳಿಗೆ ಹೊಸದಾಗಿ ಎರಡೆರಡು ವಯರ್ ಎಳೆಯಿರಿ, ಬೇರೆ ದಾರಿ ಹುಡುಕಬೇಡಿ.

ಹೊಸ ಸೆಟ್‌ನ ಬಣ್ಣಗಳು ಹೆಚ್ಚಾಗಿ ಹೀಗಿರುತ್ತವೆ: ಹಳದಿ ಯಾವಾಗಲೂ ಪವರ್, ಕೆಂಪು ಕೀಗೆ, ಕಪ್ಪು ಅರ್ತ್. ಮುಂದಿನ ಎಡ ಸ್ಪೀಕರ್ ಬಿಳಿ, ಬಲ ಬೂದು, ಹಿಂದಿನ ಎಡ ಹಸಿರು, ಬಲ ನೇರಳೆ. ಕಪ್ಪು ಗೆರೆ ಇರುವುದು ನೆಗೆಟಿವ್. ಆದರೂ ಸೆಟ್ ಮೇಲಿನ ಚಿತ್ರ ನೋಡಿಯೇ ಜೋಡಿಸಿ. ಪವರನ್ನು ಎಂಜಿನ್ ಬ್ಯಾಟರಿಯಿಂದ ತೆಗೆಯಬೇಡಿ, ರಾತ್ರಿ ಹಾಡು ಕೇಳಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ನಿಲ್ಲಬೇಕಾಗುತ್ತದೆ. ಗಾಡಿಯೊಳಗಿನ ಲೈಟು, ಫ್ಯಾನಿಗೆಂದು ಬೇರೆಯೇ ಇಟ್ಟ ಬ್ಯಾಟರಿಯಿಂದ ಹಳದಿಗೆ ನೇರ ಲೈನ್ ಕೊಡಿ, ಕೆಂಪಿಗೆ ಒಂದು ಸಣ್ಣ ಸ್ವಿಚ್. ಸೆಟ್‌ನಲ್ಲಿ ಹೇಳಿದ ಆಂಪ್‌ನ ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಲಿ.

ಹಳೇ ಸ್ಪೀಕರಿನ ಕಾಗದದ ಕೋನ್ ತೇವಕ್ಕೆ ಮೆತ್ತಗಾಗಿದ್ದರೆ ಅದನ್ನೂ ಬದಲಿಸಿ, ಪ್ಲಾಸ್ಟಿಕ್ ಕೋನ್ ನಮ್ಮ ಕರಾವಳಿಗೆ ಒಳ್ಳೆಯದು. ಜೋಡಣೆಗೆ ಟೇಪ್ ಸಾಲದು, ಸೆಖೆಗೆ ಅದರ ಅಂಟು ಬಿಡುತ್ತದೆ. ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ.

ಕೊನೆಗೆ, ವಯರ್‌ಗಳನ್ನು ಸೆಟ್‌ಗೆ ಸೇರಿಸುವ ಮೊದಲೇ, ಒಂದೂವರೆ ವೋಲ್ಟಿನ ಸೆಲ್ಲನ್ನು ಅವುಗಳ ತುದಿಗೆ ಒಂದು ಕ್ಷಣ ತಾಗಿಸಿ. ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ವಯರೇ ಸ್ಪೀಕರಿನ ಪ್ಲಸ್. ಒಂದು ಸ್ಪೀಕರ್ ಉಲ್ಟಾ ಆದರೂ ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಯ ಮಾತು ಟೊಳ್ಳಾಗಿ, ಎಲ್ಲಿಂದಲೋ ಬಂದ ಹಾಗೆ ಕೇಳುತ್ತದೆ. ಸರಿ ಇದ್ದರೆ ಎರಡು ಸ್ಪೀಕರಿನ ಸರಿ ನಡುವೆ ಕೂತು ಮಾತಾಡಿದ ಹಾಗಿರುತ್ತದೆ. ಅದನ್ನು ಕೇಳಿ ನೋಡಿಯೇ ಹಲಗೆಯ ಸ್ಕ್ರೂ ಬಿಗಿ ಮಾಡಿ.