ಜಪದ ಕೌಂಟರ್ ಕಟ್ಟಿಕೊಂಡು ಮೂರು ಸ್ಪೋರ್ಟ್ ಟೂರರ್‌ಗಳ ಹೋಲಿಕೆ

ಜಪ ಮಾಡುವವರು ಬೆರಳಿಗೆ ಹಾಕಿಕೊಳ್ಳುವ ಕೌಂಟರ್ 60 ರೂಪಾಯಿಗೆ ಸಿಗುತ್ತದೆ. ಅದನ್ನು ಎಡಗೈ ಗ್ಲೌಸಿನ ತೋರುಬೆರಳಿಗೆ ಸಿಕ್ಕಿಸಿಕೊಳ್ಳಬೇಕು. ಬೈಕಿನ ಸೀಟಿನ ಮೇಲೆ ಸರಿದು ಕೂತಾಗ, ಫುಟ್‌ಪೆಗ್ ಮೇಲೆ ಎದ್ದಾಗ, ಜೋಮು ಹಿಡಿದ ಕೈ ಕೊಡವಿದಾಗ ಹೆಬ್ಬೆರಳಿನಿಂದ ಒಂದು ಒತ್ತು. ಒತ್ತು ಕಡಿಮೆಯಾದಷ್ಟೂ ಬೈಕು ಆರಾಮ. ಆರಾಮವನ್ನು ಹೀಗೂ ಎಣಿಸಬಹುದು ಎಂದಾಗ ಬಳಗದಲ್ಲಿ ನಗದವರಿಲ್ಲ. "ಏನ್ ಗುರು, ರಾಮಕೋಟಿನಾ?" ಅಂದರು. ಆಮೇಲೆ ಅವರಲ್ಲೇ ಇಬ್ಬರು ಕೌಂಟರ್ ತರಿಸಿಕೊಂಡಿದ್ದಾರೆ.

ಸ್ಪೋರ್ಟ್ ಟೂರರ್ ಅಂದರೆ ದೂರ ಪ್ರಯಾಣಕ್ಕೆ ಮಾಡಿದ ವೇಗದ ಬೈಕು. ಇಲ್ಲಿನವು ಕವಾಸಕಿ ನಿಂಜಾ 650, ಟ್ರಯಂಫ್ ಟೈಗರ್ ಸ್ಪೋರ್ಟ್ 660, ಕವಾಸಕಿಯದೇ ನಿಂಜಾ 1000ಎಸ್‌ಎಕ್ಸ್. 68, 81, 142 ಪಿಎಸ್ ಎಂಬ ಎಂಜಿನ್ ಶಕ್ತಿಯ ಲೆಕ್ಕ ಎಲ್ಲರಿಗೂ ಬಾಯಿಪಾಠ, ಅದನ್ನು ಬಿಡೋಣ. ದಾರಿ ನೆಲಮಂಗಲದಿಂದ ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ಅಲ್ಲಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಚಾರ್ಮಾಡಿ ಇಳಿದು ಉಜಿರೆ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಹೋಗಿ ಬರಲು ಹೆಚ್ಚುಕಡಿಮೆ 600 ಕಿ.ಮೀ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟಿನಿಂದ ಬೈಕಿಗೆ ಪ್ರವೇಶವಿಲ್ಲ. ಇದ್ದಿದ್ದರೂ ಅಲ್ಲಿ ಘಾಟಿ ಎಲ್ಲಿಂದ ತರುವುದು? ಮೂರಕ್ಕೂ ನಾನೊಬ್ಬನೇ ಸವಾರ, ಜಾಕೆಟ್ಟು ಬೂಟು ಹೆಲ್ಮೆಟ್ ಸೇರಿ 82 ಕೆ.ಜಿ.

ಮೊದಲ ಸುತ್ತು ಪೂರ್ತಿ ನೀರುಪಾಲು. ನೆಲಮಂಗಲದಿಂದ ಹಾಸನದವರೆಗೆ 650ಯಲ್ಲಿ 34 ಒತ್ತು, ಟೈಗರ್‌ನಲ್ಲಿ 26, 1000ಎಸ್‌ಎಕ್ಸ್‌ನಲ್ಲಿ 41. ಮೂರರಲ್ಲಿ ಹೆಚ್ಚು ದುಡ್ಡಿನ ಬೈಕೇ ಹೆಚ್ಚು ನೋಯಿಸಿತ್ತು! ಟೇಪು ಹಿಡಿದಾಗ ಕಾರಣ ಸಿಕ್ಕಿತು. ಮಾಲೀಕರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಲು ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬಿಗಿ ಮಾಡುವ ಪ್ರೀಲೋಡ್ ನಾಬನ್ನು ಕೊನೆಯವರೆಗೆ ತಿರುಗಿಸಿ ಹಾಗೆಯೇ ಮರೆತಿದ್ದರು. ಸವಾರ ಕೂತಾಗ ಶಾಕ್ ಇಳಿಯುತ್ತಿದ್ದದ್ದು ಬರೀ 22 ಮಿ.ಮೀ. ಇನ್ನೊಂದು ಕಡೆ 650ಯ ಹಿಂದಿನ ಟೈರು ಹೆದ್ದಾರಿಯಲ್ಲೇ ಸವೆದು ನಡುವೆ ಚಪ್ಪಟೆಯಾಗಿತ್ತು. ಘಾಟಿಯ ತಿರುವಿಗೆ ಬಗ್ಗಿಸುವಾಗ ಅದು ಮೊದಲು ಹಟ ಮಾಡಿ ಆಮೇಲೆ ದಿಢೀರನೆ ಬೀಳುತ್ತಿತ್ತು. ಅದನ್ನು ಬೈಕಿನ ಗುಣ ಎಂದೇ ಬರೆದಿಟ್ಟಿದ್ದೆ. ಪೆಟ್ರೋಲ್ ಬಂಕಿನ ಗಾಳಿ ಮೀಟರು ಬೇರೆ 4 ಪಿಎಸ್‌ಐ ಸುಳ್ಳು ಹೇಳುತ್ತಿತ್ತು. ಒಟ್ಟಿನಲ್ಲಿ ಹೋಲಿಸಿದ್ದು ಬೈಕುಗಳನ್ನಲ್ಲ, ಮೂವರು ಮಾಲೀಕರ ಸೋಮಾರಿತನವನ್ನು. ಮೂರೂ ಬೈಕಿಗೆ ಸೇರಿ 90 ಲೀಟರ್ ಪೆಟ್ರೋಲ್, 9,000 ರೂಪಾಯಿಗೆ ಮೇಲೆಯೇ ಹೋಯಿತು.

ಎರಡನೇ ಸುತ್ತಿಗೆ ಮೊದಲು ಸ್ಯಾಗ್, ಅಂದರೆ ಸವಾರ ಕೂತಾಗ ಬೈಕು ಎಷ್ಟು ಇಳಿಯುತ್ತದೆ ಎಂಬ ಅಳತೆ. ಇಲ್ಲಿ ಹೆಚ್ಚಿನವರು ಎಡವುವುದು ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಕ್ ಸ್ಟ್ಯಾಂಡಿನಲ್ಲಿ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಕೆಳಗೆ ಸ್ಟ್ಯಾಂಡ್ ಕೊಟ್ಟರೆ ಬೈಕಿನ ಭಾರ ಶಾಕ್ ಮೇಲೆಯೇ ಇರುತ್ತದೆ, ಸೊನ್ನೆ ಅಳತೆ ಸಿಗುವುದೇ ಇಲ್ಲ. ಇಬ್ಬರು ಹಿಂಬದಿಯ ಹಿಡಿಕೆ ಹಿಡಿದು ಚಕ್ರ ನೆಲ ಬಿಡುವಷ್ಟು ಎತ್ತಬೇಕು, ಮೂರನೆಯವರು ಆಕ್ಸಲ್‌ನಿಂದ ಬಾಲದ ಒಂದು ಗುರುತಿಗೆ ಟೇಪು ಹಿಡಿಯಬೇಕು. ಸವಾರ ಕೂತ ಮೇಲೆ ಒಮ್ಮೆ ಕೆಳಕ್ಕೆ ಅದುಮಿ ನಿಧಾನ ಬಿಟ್ಟು ಅಳೆಯಿರಿ, ಒಮ್ಮೆ ಮೇಲಕ್ಕೆತ್ತಿ ನಿಧಾನ ಬಿಟ್ಟು ಅಳೆಯಿರಿ. ಸೀಲು, ಬುಷ್‌ಗಳ ಬಿಗಿತದಿಂದ ಎರಡಕ್ಕೂ 5-6 ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ, ಸರಾಸರಿ ಹಿಡಿಯಿರಿ. ಗುರಿ, ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಚಲನೆಯ 30 ಶೇಕಡಾ ಆಸುಪಾಸು. 1000ಎಸ್‌ಎಕ್ಸ್ ಅನ್ನು 42 ಮಿ.ಮೀ.ಗೆ ತಂದೆವು. 650 ಮೆತ್ತಗಿತ್ತು, 48 ಇಳಿಯುತ್ತಿತ್ತು. ಸಿ ಸ್ಪ್ಯಾನರಿನಲ್ಲಿ ಪ್ರೀಲೋಡ್ ಎರಡು ಹಲ್ಲು ಏರಿಸಿದಾಗ 39-40ಕ್ಕೆ ಬಂತು. ಟೈಗರ್‌ಗೆ 150 ಮಿ.ಮೀ. ಚಲನೆ, 46 ಇತ್ತು, ಮುಟ್ಟಲಿಲ್ಲ. ಮುಂದಿನ ಫೋರ್ಕಿನಲ್ಲಿ ತಿರುಗಿಸಲು ಏನಾದರೂ ಇರುವುದು 1000ಎಸ್‌ಎಕ್ಸ್‌ಗೆ ಮಾತ್ರ. ಅದರ ಸ್ಕ್ರೂವನ್ನು ಎಷ್ಟು ಕ್ಲಿಕ್ಕಿಗೆ ಬಿಟ್ಟೆ ಎನ್ನುವುದು ನನ್ನಲ್ಲೇ ಇರಲಿ, ಅದಕ್ಕೆ ಎರಡು ಭಾನುವಾರ ಸುಟ್ಟಿದ್ದೇನೆ.

650ಗೆ ಬೇರೆ ಟೈರು ಬಿತ್ತು. ಗಾಳಿ ಮನೆಯಲ್ಲೇ, ಬೆಳಿಗ್ಗೆ, ಟೈರು ತಣ್ಣಗಿದ್ದಾಗ: 650ಗೆ ಮುಂದೆ 32, ಹಿಂದೆ 36 ಪಿಎಸ್‌ಐ, 1000ಎಸ್‌ಎಕ್ಸ್‌ಗೆ 36/42. ಹಾಸನ ಮುಟ್ಟುವ ಹೊತ್ತಿಗೆ 3-4 ಏರಿರುತ್ತದೆ, ಆಗ ಇಳಿಸಿದರೆ ಕೆಟ್ಟಿತು.

ಈ ಸಲ ಹಾಸನಕ್ಕೆ 650: 29. ಟೈಗರ್: 25. 1000ಎಸ್‌ಎಕ್ಸ್: 17. ಬೇಲೂರು-ಮೂಡಿಗೆರೆ ನಡುವಿನ ಒಡೆದ ಡಾಂಬರಿನಲ್ಲಿ ಮಾತ್ರ ಟೈಗರ್ ಇಬ್ಬರನ್ನೂ ಹಿಂದೆ ಹಾಕಿತು, ಆ ಉದ್ದ ಸಸ್ಪೆನ್ಷನ್ನಿನ ಪುಣ್ಯ. ಚಾರ್ಮಾಡಿಯಲ್ಲಿ ಎಣಿಕೆಗೆ ಅರ್ಥವಿಲ್ಲ, ಅಲ್ಲಿ ಮೈ ಸುಮ್ಮನಿರುವುದೇ ಇಲ್ಲ. ನನ್ನ ಮಟ್ಟಿಗೆ ಅಲ್ಲಿ 196 ಕೆ.ಜಿ.ಯ 650ಯೇ ರಾಜ. ಕಿರಿದಾದ ಹೇರ್‌ಪಿನ್ನಿನಲ್ಲಿ ಎದುರಿಗೆ ಬಸ್ಸು ಬಂದರೆ 142 ಪಿಎಸ್ ಇಟ್ಟುಕೊಂಡು ಏನು ಮಾಡುವುದು? ಒಂದು ಎಚ್ಚರ: ವಿಶ್ರಾಂತಿ ಎಲ್ಲ ಬೈಕಿಗೂ 20 ನಿಮಿಷ ಮಾತ್ರ. ಕೊಟ್ಟಿಗೆಹಾರದ ನೀರುದೋಸೆಗೆ ಒಂದು ಗಂಟೆ ಕೂತರೆ ಮುಂದಿನ ಲೆಕ್ಕವೆಲ್ಲ ಸುಳ್ಳು.

ನಡುಕ ಅಳೆಯಲು ಫೋನನ್ನು ನಂಬಿ ಕೆಟ್ಟೆ. ಆ್ಯಪ್ ಸೆಕೆಂಡಿಗೆ 100 ಸಲ ಅಳೆಯುತ್ತದೆ, ಅದರ ಅರ್ಧ, ಅಂದರೆ 50 ಹರ್ಟ್ಸ್‌ವರೆಗೆ (ಸೆಕೆಂಡಿಗೆ 50 ನಡುಕ) ಮಾತ್ರ ನಂಬಬಹುದು. 650 ಆರನೇ ಗೇರಿನಲ್ಲಿ 80ಕ್ಕೆ ಓಡುವಾಗ ಎಂಜಿನ್ 3,700 ಆರ್‌ಪಿಎಂ ಸುತ್ತಮುತ್ತ, ಅಂದರೆ 62 ಹರ್ಟ್ಸ್. ಗ್ರಾಫಿನಲ್ಲಿ ಅದು 38 ಎಂದು ವೇಷ ಹಾಕಿಕೊಂಡು ಬರುತ್ತದೆ. ನಾಲ್ಕು ಸಿಲಿಂಡರಿನ ಸಣ್ಣ ಜುಮ್ಮು 100 ಹರ್ಟ್ಸ್ ದಾಟುತ್ತದೆ, ಅದರ ಕತೆ ಕೇಳಲೇಬೇಡಿ. ಸೀಟಿನಡಿ ಅಂಟಿಸಿದ ಫೋನು ರಸ್ತೆಯ ಗುಂಡಿ ಲೆಕ್ಕಕ್ಕೆ ಸರಿ. ಹ್ಯಾಂಡಲ್ ಮೇಲೆ ಹಾಕಿದರೆ ಕ್ಯಾಮೆರಾ ಹಾಳಾಗುವುದೊಂದೇ ಲಾಭ. ಎಂಜಿನ್ ನಡುಕಕ್ಕೆ ಕನ್ನಡಿಯೇ ಸಾಕು: ಹಿಂದಿನ ಲಾರಿಯ ನಂಬರ್ ಪ್ಲೇಟ್ ಯಾವ ಆರ್‌ಪಿಎಂನಲ್ಲಿ ಮಸುಕಾಗುತ್ತದೆ ಎಂದು ನೋಡಿ.

ಆರನೇ ಗೇರಿನಲ್ಲಿ 50ರಿಂದ 80ಕ್ಕೆ ಏರುವ ಸಮಯವನ್ನೂ ಮೊದಲು ಫೋನಿನ ಜಿಪಿಎಸ್‌ನಲ್ಲೇ ಅಳೆದದ್ದು. ಸೆಕೆಂಡಿಗೊಂದೇ ಓದು, ಪ್ರತಿ ಸಲ ಒಂದೊಂದು ಉತ್ತರ. ಸೆಕೆಂಡಿಗೆ 10 ಓದು ಕೊಡುವ ರಿಸೀವರಿಗೆ 14,000 ಹತ್ತಿರ ತೆತ್ತೆ. ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆದರೆ 1000ಎಸ್‌ಎಕ್ಸ್ ಮೂರೂವರೆ ಸೆಕೆಂಡು, ಉಳಿದೆರಡೂ 5ರ ಹತ್ತಿರ. ಆ ಎರಡರ ನಡುವಿನ ಅಂತರಕ್ಕಿಂತ ಗಾಳಿಯ ದಿಕ್ಕಿನ ಪ್ರಭಾವವೇ ಹೆಚ್ಚು. ಮೈಲೇಜು ಟ್ಯಾಂಕಿನಿಂದ ಟ್ಯಾಂಕಿಗೆ ಲೀಟರಿಗೆ ಕಿ.ಮೀ. ಲೆಕ್ಕದಲ್ಲಿ: 650 ಕೊಟ್ಟದ್ದು 23, ಟೈಗರ್ 21, 1000ಎಸ್‌ಎಕ್ಸ್ 17. ಬೈಕು ನೆಟ್ಟಗೆ ನಿಂತಿರಬೇಕು, ನೊರೆ ಇಳಿಯಲು ಬಿಟ್ಟು ಒಂದೇ ಗುರುತಿಗೆ ತುಂಬಬೇಕು. ಸೈಡ್ ಸ್ಟ್ಯಾಂಡಿನಲ್ಲಿ ತುಂಬಿದ ದಿನ 650 ಲೀಟರಿಗೆ 27 ಕೊಟ್ಟು ಮಾಲೀಕರನ್ನು ಖುಷಿಪಡಿಸಿತ್ತು.

ಗಾಳಿತಡೆ ಗಾಜಿಗೆ ಉಲ್ಲನ್ ದಾರದ ತುಂಡು ಅಂಟಿಸಿ ನೋಡಿದ್ದೂ ಉಂಟು. ಗಾಜು ಎತ್ತರಿಸಿದಷ್ಟೂ ಒಳ್ಳೆಯದು ಎನ್ನುವುದು ಸುಳ್ಳು. ಐದಡಿ ಒಂಬತ್ತಂಗುಲದವನಿಗೆ ಟೈಗರ್‌ನ ಗಾಜು ಪೂರ್ತಿ ಮೇಲಿದ್ದಾಗ ಸುಳಿಗಾಳಿ ನೇರ ಹೆಲ್ಮೆಟ್ಟಿಗೇ ಬಡಿಯಿತು, ಅರ್ಧಕ್ಕೆ ಇಳಿಸಿದಾಗ ಸದ್ದಡಗಿತು.

ಸಾವಿರಾರು ರೂಪಾಯಿಯ ಗಾಳಿ ಸೀಟಿನ ಬದಲು 120 ರೂಪಾಯಿಯ ಸೈಕಲ್ ಟ್ಯೂಬನ್ನು ಮಡಚಿ ಕವರಿನೊಳಗೆ ಹಾಕಿದೆ. ಗಟ್ಟಿ ಗಾಳಿ ತುಂಬಿದರೆ ದೋಣಿಯ ಹಾಗೆ ಓಲಾಡುತ್ತದೆ. ಬೆರಳಲ್ಲಿ ಒತ್ತಿದರೆ ಸೀಟು ತಾಗುವಷ್ಟಿದ್ದರೆ 650ಯ ಎಣಿಕೆ 29ರಿಂದ 20ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಜಾರುತ್ತದೆ, ಅಲ್ಲಿ ಬಿಚ್ಚಿಡಿ. ಮಡಚುವ ಬಗೆ ಮಾತ್ರ ಕೇಳಬೇಡಿ.

ನಾನೇ ಒತ್ತಿ ನಾನೇ ಎಣಿಸಿದೆ ಎಂಬ ತಕರಾರು ಉಳಿದಿತ್ತು. ಲೆಕ್ಕ ತೋರಿಸದೆ ಇನ್ನೊಬ್ಬ ಸವಾರರನ್ನು ಕಳಿಸಿ ನೋಡಿದೆವು. 91 ಕೆ.ಜಿ.ಯವರು, ಸ್ಯಾಗ್ ಅವರಿಗೆ ಹೊಂದಿಸಿಯೇ ಕಳಿಸಿದ್ದು. ಅವರ ಒತ್ತುಗಳೆಲ್ಲ ನನ್ನವಕ್ಕಿಂತ ಜಾಸ್ತಿ, 38, 33, 24. ಆದರೆ ಸಾಲು ಅದೇ. ಮಳೆಗಾಲದ ಸುತ್ತು ಇನ್ನೂ ಆಗಿಲ್ಲ. ಮೂಡಿಗೆರೆಯ ಮೊದಲ ಮಳೆಗೇ ಕೌಂಟರಿನೊಳಗೆ ನೀರು ಹೋಯಿತು.