ಮೀನಾ ಯಾವಾಗ ‘ನೀ’ ಅಂದಳು?

1992ರಲ್ಲಿ ಹಾಲಿವುಡ್ ನಿರ್ದೇಶಕ ಕೊಪ್ಪೊಲಾ ಮಾಡಿದ ‘ಬ್ರಾಮ್ ಸ್ಟೋಕರ್ಸ್ ಡ್ರಾಕುಲಾ’ ಸಿನಿಮಾವನ್ನು ಅವ್ವನಿಗೆ ತೋರಿಸಬೇಕು ಅಂತ ನನಗೆ ಬಹಳ ದಿನದ ಆಸೆ. ಧಾರವಾಡದ ಹಾಸ್ಟೆಲ್‌ನಲ್ಲಿ ಗೆಳತಿಯರ ಜೊತೆ ಮೊದಲ ಸಲ ನೋಡಿದ್ದೆ. ದೆವ್ವದ ಸಿನಿಮಾ ಅಂತ ಕೂತ ಐದು ಜನ ಕಣ್ಣೊರೆಸಿಕೊಂಡು ಎದ್ದೆವು. ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿದ್ದೇವೆ. ಫೋನ್ ಮಾಡಿದಾಗ ಮಕ್ಕಳ ಪರೀಕ್ಷೆ, ಅತ್ತೆಯ ಬಿಪಿ ಎಲ್ಲ ಮುಗಿದ ಮೇಲೆ ಡ್ರಾಕುಲಾ ಆಗಿರುವ ಗ್ಯಾರಿ ಓಲ್ಡ್‌ಮನ್‌ನ ಆ ನೀಲಿ ಕನ್ನಡಕದ ಮಾತು ಬಂದೇ ಬರುತ್ತದೆ.

ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಪಕ್ಕದಲ್ಲಿ ಕೂತು ಕಥೆ ಹೇಳುತ್ತಾ ಹೋದರೆ ಸಿನಿಮಾದ ಜೀವ ಹೋಗುತ್ತದೆ. ಅದಕ್ಕೇ ಹೋದ ವರ್ಷ ಕನ್ನಡ ಸಬ್‌ಟೈಟಲ್ ನಾನೇ ಬರೆದೆ. ವಿಜಯಪುರದ ನಮ್ಮ ಮನೆಯಲ್ಲಿ, ರಾತ್ರಿ ಊಟ ಆದ ಮೇಲೆ ಒಂದೂವರೆ ತಾಸು, ಹೀಗೆ ಮೂರು ತಿಂಗಳು.

ಸಬ್‌ಟೈಟಲ್ ಫೈಲ್ ಅಂದರೆ ಏನೂ ದೊಡ್ಡದಲ್ಲ. ಒಂದು ಸಂಖ್ಯೆ, ಮಾತು ಶುರುವಾಗುವ ಮತ್ತು ಮುಗಿಯುವ ಸಮಯ, ಅದರ ಕೆಳಗೆ ಮಾತು. ಅಷ್ಟೇ. ‘ಸಬ್‌ಟೈಟಲ್ ಎಡಿಟ್’ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಬಳಸಿದೆ. ಮೊದಲ ಅರವತ್ತು ಸಾಲು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಪರದೆಯ ಮೇಲೆ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಬಂತು. ಎಲ್ಲವನ್ನೂ ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಬೇಕಾಯಿತು. ಇನ್ನೊಂದು ವಿಷಯ ಮಾಡುತ್ತಾ ಮಾಡುತ್ತಾ ಗೊತ್ತಾಯಿತು. ಇಂಗ್ಲಿಷಿನವರು ಒಂದು ಸಾಲಿಗೆ 42 ಅಕ್ಷರದವರೆಗೆ ಹಾಕುತ್ತಾರೆ. ನಮ್ಮ ಅಕ್ಷರ ಅಗಲ ಜಾಸ್ತಿ. ಜೊತೆಗೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅವ್ವ ಪೇಪರ್ ಓದುವಾಗ ತುಟಿ ಅಲ್ಲಾಡಿಸುತ್ತಾ ಓದುತ್ತಾಳೆ. ಗಡಿಯಾರ ಇಟ್ಟುಕೊಂಡು ನೋಡಿದೆ, ಮೂರು ಸೆಕೆಂಡಿಗೆ ಆರೇಳು ಪದ. ಆ ಲೆಕ್ಕಕ್ಕೆ ಎಲ್ಲ ಮಾತನ್ನೂ ಇಳಿಸಿದೆ. ಅರ್ಧದಷ್ಟು ಕೆಲಸ ಬರೀ ಕತ್ತರಿಸುವುದೇ.

ನಿಜವಾದ ಕಷ್ಟ ಬಂದಿದ್ದು ‘ಯೂ’ ಅನ್ನುವ ಒಂದು ಪದದಲ್ಲಿ.

ಇಂಗ್ಲಿಷಿನಲ್ಲಿ ಎಲ್ಲರಿಗೂ ಅದೇ ‘ಯೂ’. ನಮಗೆ ಹಾಗಲ್ಲವಲ್ಲ. ‘ನೀ’ ಅನ್ನಬೇಕಾ, ‘ನೀವು’ ಅನ್ನಬೇಕಾ ಅಂತ ಪ್ರತಿ ಸಾಲಿಗೂ ನಿರ್ಧಾರ ಮಾಡಬೇಕು. ಈ ಸಿನಿಮಾದಲ್ಲಂತೂ ಕಥೆಯೆಲ್ಲ ಅದರ ಮೇಲೇ ನಿಂತಿದೆ. 1462ರಲ್ಲಿ ಯುದ್ಧಕ್ಕೆ ಹೋದ ವ್ಲಾಡ್ ಸತ್ತ ಅಂತ ಸುಳ್ಳು ಸುದ್ದಿ ಬರುತ್ತದೆ. ಹೆಂಡತಿ ಎಲಿಸಬೆಟಾ ನದಿಗೆ ಹಾರುತ್ತಾಳೆ. ಅವನು ದೇವರನ್ನು ಧಿಕ್ಕರಿಸಿ, ರಕ್ತ ಕುಡಿದು ಬದುಕುವ ಡ್ರಾಕುಲಾ ಆಗುತ್ತಾನೆ. ನಾನೂರು ವರ್ಷ ಆದಮೇಲೆ ಲಂಡನ್ನಿನ ಮೀನಾಳಲ್ಲಿ ಅದೇ ಮುಖ ಕಾಣುತ್ತಾನೆ. ಎರಡೂ ಪಾತ್ರ ವಿನೋನಾ ರೈಡರ್‌ದೇ. ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಯಲ್ಲಿ ಈ ಪ್ರೀತಿ ಇಲ್ಲವೇ ಇಲ್ಲ. ಅಲ್ಲಿ ಡ್ರಾಕುಲಾ ಬರೀ ಬೇಟೆಗಾರ. ಹೆಂಡತಿ ಮರಳಿ ಹುಟ್ಟಿ ಬಂದಳು ಅನ್ನುವುದು ಸಿನಿಮಾದವರು ಸೇರಿಸಿದ್ದು. ನಾವು ಐದು ಜನ ಮನಸು ಕೊಟ್ಟಿದ್ದೂ ಅದಕ್ಕೇ.

ಈಗ ನೋಡಿ. ಅವನಿಗೆ ಆಕೆ ಹೆಂಡತಿ. ಆಕೆಗೆ ಅವನು ಬೀದಿಯಲ್ಲಿ ಎದುರಾದ ಯಾರೋ ಪರದೇಶಿ. ಅವನ ಬಾಯಲ್ಲಿ ‘ನೀ’ ತುದಿ ನಾಲಿಗೆಯಲ್ಲಿ ಇದ್ದರೂ ‘ನೀವು’ ಅನ್ನಲೇಬೇಕು. ಲಂಡನ್ ಬೀದಿಯ ಆ ಮೊದಲ ಭೇಟಿಯಲ್ಲಿ ಪ್ರತಿ ‘ನೀವು’ ಬರೆಯುವಾಗಲೂ ಪಾಪ ಅನ್ನಿಸುತ್ತಿತ್ತು.

ಹಾಗಾದರೆ ಅವನು ಎಲ್ಲಿ ತಪ್ಪಿ ‘ನೀ’ ಅನ್ನಬೇಕು? ಇದಕ್ಕೆ ಸಿನಿಮಾದಲ್ಲೇ ಉತ್ತರ ಸಿಕ್ಕಿತು. ಇಬ್ಬರೂ ಆಗಿನ ಕಾಲದ ಹೊಸ ಮೋಜು ಸಿನೆಮಾಟೋಗ್ರಾಫ್ ನೋಡಲು ಹೋಗುತ್ತಾರೆ. ಅಲ್ಲಿ ಒಂದು ಕ್ಷಣ ಅವನು ಇಂಗ್ಲಿಷ್ ಬಿಟ್ಟು ತನ್ನ ರೊಮೇನಿಯನ್ ಭಾಷೆಗೆ ಜಾರುತ್ತಾನೆ. ಅಲ್ಲಿ ಅವನು ಮಾತಾಡುತ್ತಿರುವುದು ಮೀನಾಳ ಜೊತೆ ಅಲ್ಲ, ಎಲಿಸಬೆಟಾಳ ಜೊತೆ. ‘ನೀ’ ಅಲ್ಲೇ ಹಾಕಿದೆ. ಮುಂದಿನ ಭೇಟಿಯಲ್ಲಿ ಮತ್ತೆ ‘ನೀವು’.

ಮೀನಾಳದು ಜಾಸ್ತಿ ತಲೆ ತಿಂದಿತು. ಮೊದಲು ಅವರಿಬ್ಬರೂ ಹಸಿರು ಮದ್ಯ ಕುಡಿಯುವ ದೃಶ್ಯದಲ್ಲಿ ಹಾಕಿದ್ದೆ. ಆಕೆಗೆ ಯಾವುದೋ ದೂರದ ನಾಡು ನೆನಪಾಗಿ ಕಣ್ಣೀರು ಬರುತ್ತದೆ. ಅವನ ಕೈಯಲ್ಲಿ ಆ ಕಣ್ಣೀರು ವಜ್ರವಾಗುತ್ತದೆ. ಇದಕ್ಕಿಂತ ಒಳ್ಳೆಯ ಜಾಗ ಯಾವುದು ಅಂದುಕೊಂಡೆ. ಅಣ್ಣನ ಹೆಂಡತಿ, ನಮ್ಮ ವೈನಿಗೆ ಅಷ್ಟು ಭಾಗ ತೋರಿಸಿದೆ. ರೊಟ್ಟಿ ಬಡಿಯುತ್ತಲೇ ನೋಡಿದ ವೈನಿ, “ಮೊನ್ನೆ ಮೊನ್ನೆ ಸಿಕ್ಕ ಗಂಡಸಿಗೆ ಇಷ್ಟ ಲಗೂ ‘ನೀ’ ಅಂತಾಳೇನ? ಅತ್ತಾಳ ಖರೆ, ಆದ್ರ ಇನ್ನಾ ನಂಬಿಲ್ಲ ಆಕಿ” ಅಂದರು.

ವೈನಿ ಹೇಳಿದ್ದು ಸರಿ ಇತ್ತು. ತೆಗೆದುಬಿಟ್ಟೆ.

ಮತ್ತೆ ಎಂಟು ದಿನ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಮಲಗುವ ಕೋಣೆಯ ದೃಶ್ಯದಲ್ಲಿ. ಅಲ್ಲಿ ಅವನು ತಾನು ಯಾರು ಅಂತ ಬಾಯಿ ಬಿಟ್ಟು ಹೇಳುತ್ತಾನೆ. ಅಷ್ಟರಲ್ಲಿ ಮೀನಾಗೆ ಬೇರೊಬ್ಬನ ಜೊತೆ ಮದುವೆ ಆಗಿರುತ್ತದೆ. ಗೆಳತಿ ಲೂಸಿಯನ್ನು ಕೊಂದವನು ಇವನೇ ಅಂತ ಗೊತ್ತಾಗಿ ಮೀನಾ ಅವನ ಎದೆಗೆ ಗುದ್ದುತ್ತಾಳೆ. ಗುದ್ದುತ್ತಾ ಗುದ್ದುತ್ತಾ ಸೋತು, ಪ್ರೀತಿ ಮಾಡುತ್ತೇನೆ ಅಂತ ಒಪ್ಪಿಕೊಳ್ಳುತ್ತಾಳೆ. ನಮ್ಮಲ್ಲಿ ‘ನೀ’ ಎರಡು ಕಡೆ ಬರುತ್ತದೆ, ಅಲ್ವಾ? ಸಿಟ್ಟು ನೆತ್ತಿಗೇರಿದಾಗ ಎದುರಿನವರ ಮರ್ಯಾದೆ ಕಿತ್ತು ‘ನೀ’ ಅನ್ನುತ್ತೇವೆ. ಜೀವಕ್ಕೆ ಹತ್ತಿರ ಆದವರಿಗೂ ‘ನೀ’ ಅನ್ನುತ್ತೇವೆ. ಮೀನಾ ಮೊದಲು ಸಿಟ್ಟಿನಲ್ಲಿ ‘ನೀ’ ಅನ್ನುತ್ತಾಳೆ. ಸಿಟ್ಟು ಇಳಿಯುತ್ತದೆ, ‘ನೀ’ ಹಾಗೇ ಉಳಿಯುತ್ತದೆ. ಆ ಎರಡು ಸಾಲು ಬರೆದು ಮುಗಿಸಿದಾಗ ರಾತ್ರಿ ಒಂದು ಗಂಟೆ. ಧಾರವಾಡದ ಗೆಳತಿಗೆ ಆಗಲೇ ಮೆಸೇಜ್ ಕಳಿಸಿದೆ.

ಉಳಿದ ಪದಗಳು ಇಷ್ಟು ಕಾಡಲಿಲ್ಲ. ‘ರಕ್ತಪಿಶಾಚಿ’ ಬಳಸಲಿಲ್ಲ, ಅದು ಇವನಿಗೆ ಹೊಂದುವುದಿಲ್ಲ. ‘ಸತ್ತೂ ಸಾಯದವ’ ಅಂತ ಬರೆದೆ. ‘ಪ್ರಿಯತಮೆ’ ಬಿಟ್ಟು ‘ನನ್ನ ಜೀವಾ’ ಅಂತ ಹಾಕಿದೆ. ವೊಯ್ಚೆಕ್ ಕಿಲಾರ್ ಸಂಗೀತ ಒಂದೇ ಕೇಳಿಸುವಲ್ಲಿ ಪರದೆಯ ಮೇಲೆ ಒಂದು ಅಕ್ಷರವೂ ಉಳಿಯದಂತೆ ನೋಡಿಕೊಂಡೆ.

ತೋರಿಸುವ ಹಿಂದಿನ ದಿನ ಎದೆ ಧಸಕ್ ಅಂತು. ನಾನು ಟೈಮಿಂಗ್ ಹಾಕಿದ್ದು ನನ್ನ ಹಳೆಯ ಡಿವಿಡಿಗೆ. ಅಣ್ಣ ದೊಡ್ಡ ಟಿವಿಗೆ ಚೆನ್ನಾಗಿರುತ್ತದೆ ಅಂತ ಬ್ಲೂ-ರೇ ತಂದಿದ್ದ. ಶುರುವಿನಲ್ಲಿ ಸರಿ ಇತ್ತು. ಹತ್ತು ನಿಮಿಷ ಆಗುವಷ್ಟರಲ್ಲಿ ಮಾತಿಗಿಂತ ಅಕ್ಷರ 25 ಸೆಕೆಂಡ್ ಮುಂಚೆ ಬರತೊಡಗಿತು. ಆಮೇಲೆ ತಿಳಿಯಿತು. ಸಿನಿಮಾ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ, ನನ್ನ ಡಿವಿಡಿ 25ರಂತೆ. 128 ನಿಮಿಷದ ಸಿನಿಮಾ ಅದರಲ್ಲಿ ಸುಮಾರು 123 ನಿಮಿಷಕ್ಕೆ ಮುಗಿಯುತ್ತದೆ. ಕೊನೆಗೆ ಐದು ನಿಮಿಷದ ಅಂತರ. ಫ್ರೇಮ್ ರೇಟ್ ಬದಲಿಸುವ ಸೌಲಭ್ಯ ಅದೇ ಸಾಫ್ಟ್‌ವೇರ್‌ನಲ್ಲಿ ಇದೆ. 25ರಿಂದ ಬ್ಲೂ-ರೇಯ ಲೆಕ್ಕಕ್ಕೆ ತಂದೆ, ಎಲ್ಲ ಸಾಲೂ ಜಾಗಕ್ಕೆ ಬಂದು ಕೂತವು. ನೀವು ಮಾಡುವುದಾದರೆ ಮೊದಲೇ ಎರಡೂ ಕಾಪಿಯ ಒಟ್ಟು ಸಮಯ ನೋಡಿಕೊಳ್ಳಿ.

ರವಿವಾರ ರಾತ್ರಿ ಎಲ್ಲರೂ ಕೂತೆವು. ಅವ್ವ, ವೈನಿ, ಪಕ್ಕದ ಮನೆಯ ಕಾಕು. ಎಲಿಸಬೆಟಾ ಹಾರಿದ ಕೂಡಲೇ ಕಾಕು, “ನಮ್ಮ ರಂಭಾ ಹಂಗ” ಅಂದರು. ಬಾದಶಹ ಪ್ರೀತಿ ಪರೀಕ್ಷೆ ಮಾಡಿದಾಗ ರಂಭಾ ಗೋಳಗುಮ್ಮಟದ ಮೇಲಿಂದ ಹಾರಿದಳು ಅನ್ನುವ ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅವ್ವನ ತವರು ಇಳಕಲ್ಲು. ಡ್ರಾಕುಲಾ ಕೋಟೆಯಲ್ಲಿ ನೆಲದ ಮೇಲೆ ಎಳೆದಾಡುವ ಕೆಂಪು ನಿಲುವಂಗಿ ಬಂದಾಗ ಅವ್ವ ಓದುವುದನ್ನೇ ಬಿಟ್ಟು ಅದನ್ನು ನೋಡಿದಳು. “ಇಷ್ಟುದ್ದ ಸೆರಗು ಯಾರು ನೇಯ್ದರು?” ಅಂತ ಕೇಳಿದಳು. ಆ ಉಡುಪುಗಳನ್ನು ರೂಪಿಸಿದ ಐಕೊ ಇಶಿಯೋಕಾ ಅವರಿಗೆ ಆಸ್ಕರ್ ಬಂತು ಅಂದೆ. “ಬರಬೇಕು ಮತ್ತ” ಅಂದಳು.

ಎದೆಗೆ ಗುದ್ದುವ ದೃಶ್ಯ ಬಂತು. ಯಾರೂ ಮಾತಾಡಲಿಲ್ಲ. ನಾನು ಪರದೆ ನೋಡಲಿಲ್ಲ, ಅವ್ವನ ತುಟಿ ನೋಡುತ್ತಿದ್ದೆ. ‘ನೀ’ ಅನ್ನುವಲ್ಲಿ ಒಂದು ಗಳಿಗೆ ನಿಂತವು.

ಸಿನಿಮಾ ಮುಗಿದ ಮೇಲೆ ಕಾಕು ಮನೆಗೆ ಹೋದರು. ಅವ್ವ ಎದ್ದಿರಲಿಲ್ಲ. ಅಪ್ಪನಿಗೆ ನಲವತ್ತು ವರ್ಷ ‘ರೀ’ ಅಂದವಳು ಆಕೆ.

“ಮೀನಾ ಗಂಡಗ ‘ರೀ’ ಅಂತಾಳ. ಇವಗ ‘ನೀ’ ಅಂತಾಳಲ್ಲ” ಅಂದಳು.

“ಹೌದವ್ವ.”

“ಅದೊಂದು ಮತ್ತೊಮ್ಮೆ ಹಾಕು.”